ಡಬ್ಬಿಯ ಮೇಲಿನ ಚೀಟಿ

ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸುವ ಗೃಹಿಣಿಗೆ ಎರಡು ಕಷ್ಟಗಳು ಗೊತ್ತು. ಚೀಟಿ ಚಿಕ್ಕದಾದರೆ ಹೆಸರು ಹಿಡಿಸುವುದಿಲ್ಲ. ಹಳತಾದರೆ ‘ಸಕ್ಕರೆ’ ಎಂಬ ಬರಹದ ಹಿಂದೆ ಉಪ್ಪು ಕುಳಿತಿರುತ್ತದೆ. ಗಣಕಯಂತ್ರದ ಒಳಗೂ ಇವೇ ಕಷ್ಟಗಳೆಂದರೆ ಓದುಗರು ನಕ್ಕಾರು.

ಯಂತ್ರದ ಕೆಲಸಗಳನ್ನೆಲ್ಲ ಹಂಚಿ ನಡೆಸುವ ಯಜಮಾನನಿಗೆ ‘ಕರ್ನೆಲ್’ ಎಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು 1969ರಲ್ಲಿ ಆರಂಭಿಸಿದ ವ್ಯವಸ್ಥೆ ಯೂನಿಕ್ಸ್. 1975ರ ಅದರ ಆರನೆಯ ಆವೃತ್ತಿಯಲ್ಲಿ ಪ್ರತಿ ಕಡತಕ್ಕೂ ಪಟ್ಟಿಯಲ್ಲಿ 16 ಬೈಟುಗಳ ಸ್ಥಳ: ಕ್ರಮಸಂಖ್ಯೆಗೆ 2, ಹೆಸರಿಗೆ 14. ರೋಮನ್ ಅಕ್ಷರವೊಂದಕ್ಕೆ ಒಂದು ಬೈಟು ಸಾಕು. ಸ್ಥಳವೆಂಬುದು ಬಹು ದುಬಾರಿಯಾಗಿದ್ದ ಆ ದಿನಗಳಲ್ಲಿ ಈ ಜಿಪುಣತನ ತಪ್ಪಲ್ಲ. ಆದರೆ 15ನೆಯ ಅಕ್ಷರವನ್ನು ಕರ್ನೆಲ್ ಸದ್ದಿಲ್ಲದೆ ಕತ್ತರಿಸುತ್ತಿತ್ತು. ಕೊನೆಯಕ್ಷರದಲ್ಲಷ್ಟೇ ಭೇದವಿದ್ದ ಎರಡು ಉದ್ದದ ಹೆಸರುಗಳು ಅದಕ್ಕೆ ಒಂದೇ. ಈ ವರ್ಷದ ಲೆಕ್ಕ ಬರೆಯಹೋದವನು ಹಿಂದಿನ ವರ್ಷದ್ದನ್ನು ಅಳಿಸಿಕೊಳ್ಳುವ ಅಪಾಯವಿತ್ತು.

1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರು ತಮ್ಮ ಯೂನಿಕ್ಸ್‌ನಲ್ಲಿ ಈ ಮಿತಿಯನ್ನು 255ಕ್ಕೆ ಏರಿಸಿದರು. ಆದರೂ ಹಳೆಯ ಅಳತೆಗೋಲು ಪೂರ್ತಿ ಮುರಿಯಲಿಲ್ಲ. ಇಂದಿನ ಲಿನಕ್ಸ್ ಕರ್ನೆಲ್ ನಡೆಯುತ್ತಿರುವ ಕೆಲಸವೊಂದರ ಹೆಸರಿಗೆ ಮೀಸಲಿಡುವುದು 16 ಬೈಟು. ಮುಕ್ತಾಯದ ಗುರುತಿಗೆ ಒಂದು ಹೋಗಿ ಉಳಿಯುವುದು 15. ಈ ಅಳತೆಯನ್ನೇ ನಂಬಿ ಬರೆದ ಕ್ರಮವಿಧಿಗಳಿರುವುದರಿಂದ ಅದನ್ನು ಬದಲಿಸುವುದು ಸುಲಭವಲ್ಲ. ಕನ್ನಡದ ಪ್ರತಿ ಚಿಹ್ನೆಗೆ ಯುಟಿಎಫ್-8 ಕ್ರಮದಲ್ಲಿ 3 ಬೈಟು ಬೇಕು, ‘ಕರ್ನಾಟಕ’ಕ್ಕೆ 21. ಅಲ್ಲಿ ‘ಕರ್ನಾ’ ಒಳಗುಳಿದು ‘ಟಕ’ ಹೊಸ್ತಿಲಾಚೆ ನಿಲ್ಲುತ್ತದೆ!

ಇನ್ನು ಎರಡನೆಯ ಕಷ್ಟ. ಕ್ರಮವಿಧಿಯ ಪಕ್ಕದಲ್ಲಿ ಮನುಷ್ಯರಿಗಾಗಿ ಬರೆಯುವ ಟಿಪ್ಪಣಿಯನ್ನು ಯಂತ್ರ ಓದುವುದೇ ಇಲ್ಲ. ಆದ್ದರಿಂದ ಅದರ ಸುಳ್ಳು ತಾನಾಗಿ ಹೊರಬೀಳದು. ಅದೇ ಆರನೆಯ ಆವೃತ್ತಿಯಲ್ಲಿ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವ ತೊಡಕಿನ ಜಾಗದಲ್ಲಿ, ಇದು ಓದುಗನಿಗೆ ಅರ್ಥವಾಗಬೇಕೆಂಬ ನಿರೀಕ್ಷೆಯಿಲ್ಲ ಎಂಬ ಟಿಪ್ಪಣಿಯಿತ್ತು. ಅನೇಕರು ಅದನ್ನು ಪಂಡಿತರ ಗರ್ವವೆಂದೇ ಎಣಿಸಿದರು. ಅದು ಪರೀಕ್ಷೆಗೆ ಬಾರದ ಪಾಠವೆಂಬ ಧಾಟಿಯ ಮಾತಷ್ಟೇ ಎಂದು ರಿಚಿ ಬಳಿಕ ವಿವರಿಸಿದರು. ನಿಜವಾದ ತೊಂದರೆಯೆಂದರೆ ಬರೆದವರಿಗೂ ಅದು ಅರ್ಥವಾಗಿರಲಿಲ್ಲವೆಂದೂ ಒಪ್ಪಿಕೊಂಡರು. ಬೇರೊಂದು ಯಂತ್ರಕ್ಕೆ ಒಯ್ದಾಗ ಆ ಉಪಾಯ ನಡೆಯದೆ, ಅದನ್ನು ಬದಲಿಸಬೇಕಾಯಿತು.

ಅಂಥ ಒಪ್ಪಿಗೆ ಎಲ್ಲ ಟಿಪ್ಪಣಿಗಳಿಗೂ ದೊರೆಯುವುದಿಲ್ಲ. ಡಬ್ಬಿಯ ಪದಾರ್ಥ ಬದಲಿಸಿದ ಕೈಯೇ ಚೀಟಿಯನ್ನೂ ಬದಲಿಸಬೇಕು. ಇಲ್ಲವಾದರೆ ಮುಂದೆ ಒಲೆ ಹೊತ್ತಿಸುವವರು ಚೀಟಿಯನ್ನು ನಂಬಿ ಉಪ್ಪಿನ ಪಾಯಸ ಬಡಿಸುತ್ತಾರೆ.