ಅಡಿಗೆ ಹಾಕುವ ಕೀ

ಮುಂಬೈಯ ದಹಿಸರ್ ಪೂರ್ವದ ನಮ್ಮ ಒಂದು ಖೋಲಿ, ಒಂದು ಅಡಿಗೆಮನೆಯ ಸಂಸಾರದಲ್ಲಿ ಯಾವ ವಸ್ತುವೂ ಇನ್ನೊಂದರ ಪಕ್ಕದಲ್ಲಿಲ್ಲ. ಎಲ್ಲ ಒಂದರ ಮೇಲೊಂದು. ಕಪಾಟಿನ ಮೇಲೆ ಸೂಟ್‌ಕೇಸು, ಅದರ ಮೇಲೆ ಚಳಿಯೇ ಬಾರದ ಊರಿನಲ್ಲಿ ಕೂಡಿಟ್ಟ ರಗ್ಗುಗಳು, ಮಂಚದಡಿ ಅಕ್ಕಿಯ ಡಬ್ಬ. ಹೊರಗೆ ನೋಡಿದರೆ ಹೈವೇಯ ತಲೆಯ ಮೇಲೆ 2022ರಿಂದ ಮೆಟ್ರೋ. ಬೇಕಾದದ್ದು ಮಾತ್ರ ಯಾವಾಗಲೂ ಎಲ್ಲಕ್ಕಿಂತ ಕೆಳಗೆ! ಹಾಗಾಗಿ ಕಂಪ್ಯೂಟರಿನ ಪರದೆ ನನಗೆ ಹೊಸದೆನಿಸಲೇ ಇಲ್ಲ.

1985ರಲ್ಲಿ ಬಂದ ಮೊದಲ ವಿಂಡೋಸ್‌ನಲ್ಲಿ ಕಿಟಕಿಗಳು ಹಂಚು ಹೊದಿಸಿದ ಹಾಗಲ್ಲ, ನೆಲದ ಕಲ್ಲು ಹಾಸಿದ ಹಾಗೆ ಪಕ್ಕಪಕ್ಕದಲ್ಲೇ ಇರಬೇಕಿತ್ತು. ಅದು ಊರ ಮನೆಯ ಲೆಕ್ಕ: ಚಾವಡಿ, ಅಡಿಗೆಮನೆ, ಬಚ್ಚಲು, ಒಂದಕ್ಕೊಂದು ತಾಗಿಯೂ ಬೇರೆ ಬೇರೆ. 1987ರ ಎರಡನೆಯ ವಿಂಡೋಸ್‌ನಲ್ಲಿ ಒಂದು ಕಿಟಕಿ ಇನ್ನೊಂದರ ಮೈಮೇಲೆ ಬೀಳಬಹುದಾಯಿತು. ಕಂಪ್ಯೂಟರು ಮುಂಬೈಗೆ ಬಂದು ನೆಲೆಸಿದ್ದು ಆ ವರ್ಷವೇ ಎಂದು ನನ್ನ ನಂಬಿಕೆ.

ಅದೇ ವರ್ಷ ಟಾಮ್ ಲಾಸ್ಟ್ರೇಂಜ್ ಎಂಬವರು ಎಕ್ಸ್ ವಿಂಡೋ ಎಂಬ ಪರದೆ ವ್ಯವಸ್ಥೆಗಾಗಿ ಟಿಡಬ್ಲ್ಯುಎಮ್ ಎಂಬ ವಿಂಡೋ ಮ್ಯಾನೇಜರ್, ಅಂದರೆ ಕಿಟಕಿಗಳ ಮೇಲ್ವಿಚಾರಕ, ಬರೆದರು. ಅದರಲ್ಲಿ ರೇಸ್, ಲೋಯರ್, ರೇಸ್‌ಲೋಯರ್ ಎಂಬ ಆಜ್ಞೆಗಳಿವೆ. ಕೊನೆಯದು ಬಲು ಜಾಣ: ಕಿಟಕಿ ಮುಚ್ಚಿಹೋಗಿದ್ದರೆ ಮೇಲೆತ್ತುತ್ತದೆ, ಮೇಲೇ ಇದ್ದರೆ ಅಡಿಗೆ ಹಾಕುತ್ತದೆ. ಈಗಿನ ಗ್ನೋಮ್ ಎಂಬ ಡೆಸ್ಕ್‌ಟಾಪ್‌ನಲ್ಲೂ ಅದುಂಟು. ಕೀ ಯಾವುದೆಂದು ನಾವೇ ಗೊತ್ತುಮಾಡಿಕೊಳ್ಳಬೇಕು.

ನನ್ನ ಹಳೆಯ ಲ್ಯಾಪ್‌ಟಾಪಿಗೆ ತಂಗಿಯ ಮಗ ಹಾಕಿಕೊಟ್ಟದ್ದು ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಡೆಸ್ಕ್‌ಟಾಪ್. ಶಿಫ್ಟ್, ಆಲ್ಟ್ ಎರಡನ್ನೂ ಒತ್ತಿಹಿಡಿದು ಪೇಜ್ ಅಪ್ ಒತ್ತಿದರೆ ಕಿಟಕಿ ಮೇಲೆ, ಪೇಜ್ ಡೌನ್ ಒತ್ತಿದರೆ ಎಲ್ಲಕ್ಕಿಂತ ಅಡಿಗೆ. ವಿಂಡೋಸ್‌ನವರಿಗೆ ಅಡಿಗೆ ಹಾಕಲು ಆಲ್ಟ್-ಎಸ್ಕೇಪ್ ಇದೆ. ಆಲ್ಟ್-ಟ್ಯಾಬ್ ಬಾರದ ಗುಮಾಸ್ತರಿಲ್ಲ. ಆಲ್ಟ್-ಎಸ್ಕೇಪ್ ಬಲ್ಲವರನ್ನು ನಾನಿನ್ನೂ ಕಂಡಿಲ್ಲ. ಕೆಲವರು ಅಡಿಗೆ ಹಾಕುವುದನ್ನು ಮಿನಿಮೈಸ್ ಎಂದುಕೊಳ್ಳುತ್ತಾರೆ. ಅಲ್ಲವೇ ಅಲ್ಲ. ಮಿನಿಮೈಸ್ ಎಂದರೆ ಅಟ್ಟಕ್ಕೆ ಹಾಕಿ ಮರೆಯುವುದು. ಅಡಿಗೆ ಹಾಕಿದ ಕಿಟಕಿ, ಮೇಲಿನದು ಪೂರ್ತಿ ಮುಚ್ಚದಿದ್ದರೆ, ಅಂಚು ತೋರಿಸುತ್ತಲೇ ಇರುತ್ತದೆ, ಮಂಚದಡಿಯಿಂದ ಇಣುಕುವ ಡಬ್ಬದ ಮುಚ್ಚಳದ ಹಾಗೆ.

ಇದರಲ್ಲೊಂದು ಪೇಚಿದೆ. ಎಕ್ಸ್‌ನಲ್ಲಿ ಮೇಲೆ ಕೂತ ಕಿಟಕಿ ಬೇರೆ, ಕೀಲಿಮಣೆಯ ಮಾತು ಕೇಳುವ ಕಿಟಕಿ ಬೇರೆ ಆಗಿರಬಹುದು. ನಮ್ಮನೆಯಲ್ಲೂ ಹಾಗೇ: ಕಣ್ಣು ಟೀವಿಯ ಮೇಲಿದ್ದರೂ ಕಿವಿ ಕುಕ್ಕರಿನ ಸೀಟಿಯ ಕಡೆಗೆ. ಒಮ್ಮೆ ಸೊಸೈಟಿಗೆ ಬರೆಯುತ್ತಿದ್ದ ನೀರಿನ ಟ್ಯಾಂಕಿನ ಪತ್ರವನ್ನು ಅಡಿಗೆ ಹಾಕಿ, ಮೇಲೆ ಬಂದ ಚೀಟಿಯಲ್ಲಿ ದಿನಸಿಯ ಪಟ್ಟಿ ಹೊಡೆಯುತ್ತಿದ್ದೇನೆಂದು ಭಾವಿಸಿದೆ. ಪರದೆಯತ್ತ ನೋಡದೆ ಹೊಡೆಯುವ ಜಂಬ ಬೇರೆ. ಕುಚ್ಚಲಕ್ಕಿ ಹತ್ತು ಕಿಲೋ, ಬೆಲ್ಲ ಎರಡು ಕಿಲೋ ಎಲ್ಲ ಅಡಿಯಲ್ಲಿದ್ದ ಟ್ಯಾಂಕಿಗೇ ಬಿದ್ದಿತ್ತು. ಪತ್ರ ಹಾಗೇ ಹೋಯಿತು. ಎಷ್ಟೋ ದಿನ ಲಿಫ್ಟಿನಲ್ಲಿ ಸಿಕ್ಕವರೆಲ್ಲ ಬೆಲ್ಲ ವಿಚಾರಿಸಿದರು.

ಮೂರು ಕೀ ಒಟ್ಟಿಗೆ ಒತ್ತಲು ಬೆರಳು ಒಪ್ಪುವುದಿಲ್ಲ. ಮೊನ್ನೆ ರಾತ್ರಿ ಹುಡುಗನಿಗೆ ಫೋನು ಹಚ್ಚಿ, "ಒಂದೇ ಕೀ ಒತ್ತಿದ್ರೆ ಅಡಿಗೆ ಆಗ್ತದಾ?" ಎಂದು ಗಟ್ಟಿಯಾಗಿಯೇ ಕೇಳಿದೆ.

ಉತ್ತರ ಒಳಗಿನಿಂದ ಬಂತು: "ಅಡಿಗೆ ಆಗಿ ಅರ್ಧ ಗಂಟೆ ಆಯ್ತು ಮಾರಾಯ್ರೇ. ಆ ಪೆಟ್ಟಿಗೆ ಮೇಜಿನಿಂದ ತೆಗೀರಿ, ಬಟ್ಟಲು ಇಡ್ಬೇಕು."