ಮಾವನವರ ಕೋಣೆಗೊಂದು ಸ್ವಿಚ್

‘‘ಏನ್ರೀ, ಒಂದು ಸ್ವಿಚ್ಚಿಗೆ 68 ಸಾವಿರಾನಾ?’’

ನಾನು ಅಡುಗೆಮನೆಯಿಂದ ಕೂಗಿದ್ದು ಬೀದಿಗೂ ಕೇಳಿಸಿರಬೇಕು. ಪಕ್ಕದ ಕೋಣೆಯಲ್ಲೇ ಕೂತಿದ್ದ ಮಾವನವರು ಮಾತ್ರ ತಲೆ ಎತ್ತಲಿಲ್ಲ. ಆಗ ಅದು ನನ್ನ ಗಮನಕ್ಕೇ ಬರಲಿಲ್ಲ.

ಮೊದಲಿನಿಂದ ಹೇಳ್ತೀನಿ. ನಮ್ಮ ಮಾವ ಮೈಸೂರಿನಲ್ಲಿ ಮೇಷ್ಟ್ರಾಗಿದ್ದವರು. ರೇಡಿಯೊಗೆ ‘ಆಕಾಶವಾಣಿ’ ಅನ್ನೋ ಹೆಸರು ಬಂದದ್ದೇ 1935ರಲ್ಲಿ ಗೋಪಾಲಸ್ವಾಮಿಯವರು ನಮ್ಮ ಮೈಸೂರಿನಲ್ಲಿ ಶುರು ಮಾಡಿದ ಕೇಂದ್ರದಿಂದ ಅಂತ ಈಗಲೂ ಹೆಮ್ಮೆಯಿಂದ ಹೇಳ್ತಾರೆ. ರೇಡಿಯೊದಿಂದ ಅವರೇ ತುಂಬಿಸಿಟ್ಟುಕೊಂಡ ಇನ್ನೂರು ಕ್ಯಾಸೆಟ್‌ಗಳಿದ್ದವು. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಅಂದರೆ ಪ್ರಾಣ. ಕಣ್ಣು ಮಂಜಾಗಿ ಓದು ನಿಂತ ಮೇಲೆ ಅವರಿಗೆ ಉಳಿದದ್ದು ಸಂಗೀತ ಒಂದೇ.

ನಮ್ಮವರು ಎರಡು ವರ್ಷ ಕೂತು ಆ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ದಪ್ಪ ಪುಸ್ತಕದಷ್ಟಿರುವ ಒಂದು ಡಬ್ಬಿಯಲ್ಲಿ ತುಂಬಿಸಿ ಹಾಲ್‌ನಲ್ಲಿಟ್ಟರು. ಅಪ್ಪನ ಕೋಣೆಯಲ್ಲಿ ಒಂದು ಪ್ಲೇಯರ್, ಎರಡು ಸ್ಪೀಕರ್. ನಡುವೆ ವೈಫೈ. ಸಂಜೆ ದೀಪ ಹಚ್ಚಿ ನಾನು ಫೋನಿನಲ್ಲಿ ಒತ್ತಿದರೆ ಹಿಂದಿನ ಕೋಣೆಯಲ್ಲಿ ವೀಣೆ ಕೇಳಬೇಕು.

ಕೇಳುತ್ತಿತ್ತು, ನಿಂತುಬಿಡುತ್ತಿತ್ತು. ಏಳು ಗಂಟೆಗೆ ಮಗಳ ವಿಡಿಯೊ ಕ್ಲಾಸು, ನನ್ನ ಮೈಕ್ರೋವೇವ್, ಅಕ್ಕಪಕ್ಕದವರ ವೈಫೈ, ಮಧ್ಯೆ ನಮ್ಮ ಹಳೇ ಮನೆಯ ದಪ್ಪ ಗೋಡೆ. ಆಲಾಪನೆ ಒಳ್ಳೇ ಜಾಗಕ್ಕೆ ಬಂದಾಗಲೇ ಮೌನ. ವೀಣೆಯಲ್ಲಿ ಮೌನವೂ ಸಂಗೀತವೇ ತಾನೆ? ‘‘ವಿದ್ವಾಂಸರು ಯೋಚನೆ ಮಾಡ್ತಿದ್ದಾರೆ ಅಂದ್ಕೊಂಡೆ ಕಣಮ್ಮ’’ ಅಂತ ಮಾವ ಒಂದು ದಿನ ನಕ್ಕರು. ಇನ್ನೊಂದು ದಿನ, ‘‘ಬೇಡ ಬಿಡಮ್ಮ, ತಲೆನೋವು’’ ಅಂದರು. ಮೂರನೆಯ ವಾರಕ್ಕೆ ಸಂಜೆಗಳು ಪೂರ್ತಿ ಸದ್ದಿಲ್ಲದೆ ಹೋದವು. ಮನುಷ್ಯ ಗೋಡೆ ನೋಡುತ್ತಾ ಕೂತಿರುತ್ತಿದ್ದರು.

ನಮ್ಮವರಿಗೆ ಸಂಕಟ. ರಾತ್ರಿಯೆಲ್ಲ ಓದಿದರು. ಕೊನೆಗೆ ಸಿಕ್ಕಿದ್ದು ಸಂಗೀತಕ್ಕೆಂದೇ ಮಾಡಿದ ನೆಟ್‌ವರ್ಕ್ ಸ್ವಿಚ್. ಅದನ್ನು ಹಾಕಿದರೆ ಸಂಗೀತ ನಿಲ್ಲಲ್ಲ, ಜೊತೆಗೆ ನಾದಕ್ಕೇ ಹೊಸ ಕಳೆ ಬರುತ್ತೆ ಅಂತ ಬರೆದಿತ್ತಂತೆ. ‘‘ಅಪ್ಪನಿಗಾಗಿ ಕಣೇ’’ ಅಂದರು. ಅಪ್ಪನಿಗಾಗಿ ಅಂದಮೇಲೆ ನಾನು ಬೇಡ ಅನ್ನೋದು ಹೇಗೆ? ಮಗಳ ಕಾಲೇಜಿಗೆ ಕೂಡಿಡುತ್ತಿದ್ದ ದುಡ್ಡು ಅದು. ಆಫೀಸೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ನನ್ನ ತಮ್ಮನಿಗೆ ಗುಟ್ಟಾಗಿ ಫೋನ್ ಮಾಡಿದೆ.

ಅವನು ಬಂದು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೀತೀನಿ. ಸ್ವಿಚ್ ಅನ್ನೋದು ಬಡಾವಣೆಯ ಪೋಸ್ಟ್‌ಮ್ಯಾನ್ ಇದ್ದ ಹಾಗೆ. ಯಾವ ವೈರಿನ ತುದಿಯಲ್ಲಿ ಯಾರ ಮನೆ ಇದೆ ಅಂತ ಅದು ಕಲಿತುಕೊಳ್ಳುತ್ತೆ. ಬಂದ ಕಾಗದವನ್ನು ಆ ಮನೆಗೆ ಮಾತ್ರ ಮುಟ್ಟಿಸುತ್ತೆ. ಪ್ರತಿ ಕಾಗದದ ಜೊತೆಗೂ ಲೆಕ್ಕ ತಾಳೆ ನೋಡುವ ಒಂದು ಸಂಖ್ಯೆ ಇರುತ್ತೆ. ತಾಳೆಯಾಗದಿದ್ದರೆ ಆ ಕಾಗದ ಕಸಕ್ಕೆ. ಕಳಿಸಿದವರು ಇನ್ನೊಂದು ಕಳಿಸಬೇಕು. ಪ್ಲೇಯರ್ ಒಂದಿಷ್ಟನ್ನು ಮೊದಲೇ ಶೇಖರಿಸಿಟ್ಟುಕೊಂಡು ತನ್ನ ಗಡಿಯಾರದ ಲೆಕ್ಕದಲ್ಲಿ ನುಡಿಸುತ್ತೆ.

‘‘ಭಾವ, ಸಿಡಿ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 14 ಲಕ್ಷ ಬಿಟ್ ಸಾಕು. ಸಾಧಾರಣ ಗಿಗಾಬಿಟ್ ಸ್ವಿಚ್ಚಿನ ಒಂದೊಂದು ವೈರ್ ಸೆಕೆಂಡಿಗೆ 100 ಕೋಟಿ ಬಿಟ್ ಸಾಗಿಸುತ್ತೆ. ಖಾಲಿ ಹೆದ್ದಾರೀಲಿ ಒಂದು ಸೈಕಲ್ ಹೋದ ಹಾಗೆ. ನಿಮ್ಮ ತೊಂದರೆ ಇರೋದು ಗಾಳೀಲಿ. ವೈರ್ ಎಳೀರಿ, ಸಾಕು.’’

ರೂಟರ್ ಹಿಂದಿನ ಪೋರ್ಟ್‌ಗಳೆಲ್ಲ ಭರ್ತಿಯಾಗಿದ್ದವು. ಹಾಗಾಗಿ ಐದು ಪೋರ್ಟಿನ ಸಾದಾ ಸ್ವಿಚ್ ಒಂದನ್ನು 1,200 ರೂಪಾಯಿಗೆ ತಂದ. ಸಂಗೀತದ ಡಬ್ಬಿಯನ್ನೂ ಪ್ಲೇಯರನ್ನೂ ಅದಕ್ಕೇ ಸಿಕ್ಕಿಸಿ, ಅಲ್ಲಿಂದ ರೂಟರಿಗೆ ಒಂದು ವೈರ್ ಕೊಟ್ಟ. ಅಂದಿನಿಂದ ಸಂಗೀತ ಒಮ್ಮೆಯೂ ನಿಂತಿಲ್ಲ.

ನಮ್ಮವರಿಗೆ ಸಮಾಧಾನವಿಲ್ಲ. ‘‘ನಿಲ್ಲೋದಿಲ್ಲ ಸರಿ. ನಾದ?’’ ದುಬಾರಿ ಸ್ವಿಚ್ ಇದ್ದ ಗೆಳೆಯರೊಬ್ಬರಿಂದ ಒಂದು ಭಾನುವಾರದ ಮಟ್ಟಿಗೆ ಕೇಳಿ ತಂದರು. ನನ್ನ ಹಳೇ ಬೆಡ್‌ಶೀಟು ಪರದೆಯಾಯಿತು. ಮಗಳು ನಾಣ್ಯ ಚಿಮ್ಮೋದು, ತಲೆ ಬಿದ್ದರೆ ದುಬಾರಿಯದು, ಇಲ್ಲದಿದ್ದರೆ ಸಾದಾ. ಬದಲಾಯಿಸದಿದ್ದರೂ ಪ್ರತಿ ಸಲ ವೈರ್ ಕಿತ್ತು ಸಿಕ್ಕಿಸಬೇಕು, ಗುಟ್ಟು ಗೊತ್ತಾಗಬಾರದು ಅಂತ ತಮ್ಮನ ಕಟ್ಟಪ್ಪಣೆ. ನಮ್ಮವರು ಕಣ್ಣು ಮುಚ್ಚಿ ಹತ್ತು ಸಲ ಕೇಳಿದರು. ಸರಿಯಾಗಿ ಹೇಳಿದ್ದು ಐದು. ನಾಣ್ಯವೇ ಉತ್ತರ ಹೇಳಿದ್ದರೂ ಅಷ್ಟೇ ಆಗುತ್ತಿತ್ತು!

ನಾವೆಲ್ಲ ನಗುತ್ತಿರುವಾಗ ಅವರು, ‘‘ಅಪ್ಪ, ನೀವು ಹೇಳಿ. ಯಾವುದು ಚೆನ್ನಾಗಿತ್ತು?’’ ಅಂದರು. ಎರಡನೇ ಸಲ ಜೋರಾಗಿ ಕೇಳಬೇಕಾಯಿತು.

‘‘ಎರಡೂ ಒಂದೇ ಕಣೋ. ಎರಡರಲ್ಲೂ ತಾಳದ ತಂತಿ ಕೇಳಿಸ್ತಾ ಇಲ್ಲ. ಕ್ಯಾಸೆಟ್‌ನಲ್ಲೇ ಅಳಿಸಿಹೋಗಿದೆಯೋ ಏನೋ. ಪಾಪ, ನೀನೇನು ಮಾಡ್ತೀಯ.’’

ನಗು ನಿಂತಿತು. ವೀಣೆಯ ಪಕ್ಕದ ಆ ಮೂರು ತಂತಿಗಳ ಸಣ್ಣ ಟಿಣ್ ಟಿಣ್ ನಮಗೆಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮಗಳು ನನ್ನ ಮುಖ ನೋಡಿದಳು. ನನಗೆ ಆ ದಿನ ಅಡುಗೆಮನೆಯಿಂದ ಕೂಗಿದ್ದು ನೆನಪಾಯಿತು. ತಲೆನೋವಿನ ನೆವವೂ ಆಗಲೇ ಅರ್ಥವಾಯಿತು. ಸಂಗೀತ ಕಡಿದು ಕಡಿದು ಬರುತ್ತಿದ್ದದ್ದು ನಿಜ. ಬಂದದ್ದೂ ಪೂರ್ತಿ ಅವರನ್ನು ಮುಟ್ಟುತ್ತಿರಲಿಲ್ಲ. ಮಗನ ಎರಡು ವರ್ಷದ ಶ್ರಮಕ್ಕೆ ನೋವಾಗಬಾರದು ಅಂತ ಸುಮ್ಮನಿದ್ದರು.

ಮಾರನೆಯ ದಿನ ನಮ್ಮವರು ರಜೆ ಹಾಕಿ ಅವರನ್ನು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. ವಯಸ್ಸಾದಂತೆ ಮೊದಲು ಮಂದವಾಗೋದು ಎತ್ತರದ ಸಣ್ಣ ಸ್ವರಗಳೇ ಅಂತೆ. ಅದಕ್ಕೇ ಮಾತಿನಲ್ಲಿ ‘ಸ’, ‘ಶ’ ತಪ್ಪುತ್ತವೆ, ವೀಣೆಯಲ್ಲಿ ತಾಳದ ತಂತಿ ತಪ್ಪುತ್ತೆ. ಸ್ವಿಚ್ಚಿಗೆ ಅಂತ ಎತ್ತಿಟ್ಟಿದ್ದ ದುಡ್ಡು ಶ್ರವಣಯಂತ್ರಕ್ಕೆ ಹೋಯಿತು. ಮಾತಿಗೊಂದು, ಸಂಗೀತಕ್ಕೊಂದು ಅಂತ ಬೇರೆ ಬೇರೆ ಹೊಂದಿಸಿ ಕೊಟ್ಟರು. ಮೊದಮೊದಲು ತಟ್ಟೆ ಲೋಟದ ಸದ್ದೇ ಜಾಸ್ತಿ ಅಂತ ಮಾವ ಕಿತ್ತಿಡುತ್ತಿದ್ದರು. ಒಂದು ತಿಂಗಳು ಪುಸಲಾಯಿಸಿದ್ದಾಯಿತು. ಆಮೇಲೊಂದು ಸಂಜೆ ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ‘‘ಇದೆಯಲ್ಲೋ, ಅಳಿಸಿಹೋಗಿಲ್ಲ’’ ಅಂದರು.

ಸಂಗೀತ ನಿಂತು ನಿಂತು ಬರುತ್ತಿದ್ದರೆ ಖಂಡಿತ ವೈರ್ ಎಳೆಸಿ, ಒಂದು ಸಾದಾ ಸ್ವಿಚ್ ಹಾಕಿಸಿ. ದುಬಾರಿಯದನ್ನು ಕೊಳ್ಳುವ ಮೊದಲು ಬೆಡ್‌ಶೀಟ್ ಪರೀಕ್ಷೆ ಮಾಡಿ. ಅದಕ್ಕೂ ಮೊದಲು, ಕೇಳುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನು ಕೇಳಿಸುತ್ತಿದೆ ಅಂತ ಒಂದು ಮಾತು ವಿಚಾರಿಸಿ.

ಈಗ ನಮ್ಮನೆಯಲ್ಲಿ ಒಂದೇ ಕಷ್ಟ. ನಾನು ಅಡುಗೆಮನೆಯಲ್ಲಿ ಗೊಣಗಿದ್ದೂ ಮಾವನವರಿಗೆ ಕೇಳಿಸುತ್ತೆ.