ಏಳು ಟನ್ ಬೆಳಕಿನ ಕೆಳಗೆ

ಪ್ಯಾರಿಸ್ ನಗರದ ನಟ್ಟನಡುವೆ ‘ಒಪೆರಾ’ ಎಂಬ ಹೆಸರಿನ ಮೆಟ್ರೊ ನಿಲ್ದಾಣವಿದೆ. ಅಲ್ಲಿ ಇಳಿದು ಮೆಟ್ಟಿಲೇರಿ ಬರುವ ಪ್ರವಾಸಿಗೆ ಮೊದಲು ಕಣ್ಣಿಗೆ ಬೀಳುವುದು ಹಸಿರು ಗುಮ್ಮಟ, ಬಂಗಾರದ ಬಣ್ಣದ ಪ್ರತಿಮೆಗಳನ್ನು ಹೊತ್ತ ಒಂದು ಭವ್ಯ ಕಟ್ಟಡ. ಅದೇ ‘ಪ್ಯಾಲೆ ಗಾರ್ನಿಯೆ’. ಹಾಡಿನಲ್ಲೇ ಕಥೆ ಹೇಳುವ ಒಪೆರಾ ಮತ್ತು ಬ್ಯಾಲೆ ನೃತ್ಯಗಳಿಗಾಗಿ ಕಟ್ಟಿದ ರಂಗಮಂದಿರ. ಅದಕ್ಕೆ ನೇರವಾಗಿ ಬರುವ ಹೆದ್ದಾರಿಯ ಇಕ್ಕೆಲಗಳಲ್ಲಿ ಒಂದೂ ಮರವಿಲ್ಲ. ಕಟ್ಟಡದ ನೋಟಕ್ಕೆ ಅಡ್ಡಿಯಾಗಬಾರದೆಂದು ಅದನ್ನು ರೂಪಿಸಿದ ವಾಸ್ತುಶಿಲ್ಪಿ ಶಾರ್ಲ್ ಗಾರ್ನಿಯೆ ಹಟ ಹಿಡಿದು ಗೆದ್ದದ್ದರ ಫಲ ಅದು!

1875ರ ಜನವರಿ 5ರಂದು ಬಾಗಿಲು ತೆರೆದ ಈ ರಂಗಮಂದಿರವನ್ನು ಹಗಲು ಹೊತ್ತು ಟಿಕೆಟ್ ಕೊಂಡು ನೋಡಬಹುದು. ಅಮೃತಶಿಲೆಯ ಮಹಾ ಸೋಪಾನವನ್ನೇರಿ ಒಳಗೆ ಹೋದರೆ ಕೆಂಪು ಮಖಮಲ್ಲಿನ ಸುಮಾರು ಎರಡು ಸಾವಿರ ಆಸನಗಳು. ತಲೆಯೆತ್ತಿದರೆ ಚಿತ್ರಕಾರ ಮಾರ್ಕ್ ಶಗಾಲ್ 1964ರಲ್ಲಿ ಮುಗಿಸಿಕೊಟ್ಟ ಬಣ್ಣಬಣ್ಣದ ಛಾವಣಿ. ಅದರ ನಟ್ಟನಡುವಿನಿಂದ ಇಳಿಬಿದ್ದಿರುವ ಕಂಚು ಮತ್ತು ಸ್ಫಟಿಕದ ತೂಗುದೀಪ.

ಪ್ರವಾಸಿಗಳು ಅದರ ಸೊಬಗನ್ನು ನೋಡುತ್ತಾರೆ, ಫೋಟೊ ತೆಗೆಯುತ್ತಾರೆ. ಅದರ ತೂಕವನ್ನು ಯೋಚಿಸುವವರು ಕಡಿಮೆ. ಸುಮಾರು ಏಳು ಟನ್! ಮೈಸೂರು ದಸರಾದಲ್ಲಿ ಅಂಬಾರಿ ಹೊರುವ ಆನೆಯ ತೂಕ ಐದು ಟನ್ನಿನ ಆಸುಪಾಸು. ಅದಕ್ಕಿಂತ ಭಾರವಾದ ವಸ್ತು ಜನರ ತಲೆಯ ಮೇಲೆ ತೂಗುತ್ತಿದೆ. ಅದೂ ಸುಮ್ಮನೆ ತೂಗುತ್ತಿಲ್ಲ, ಮೈತುಂಬ ವಿದ್ಯುತ್ ಹರಿಸಿಕೊಂಡು ತೂಗುತ್ತಿದೆ.

ಭಾರ ಮತ್ತು ವಿದ್ಯುತ್ - ಇವೆರಡನ್ನೂ ಒಟ್ಟಿಗೆ ಮೇಲಕ್ಕೆ ಕಟ್ಟುವುದು ರಂಗಭೂಮಿಯ ಅತ್ಯಂತ ಎಚ್ಚರದ ಕೆಲಸಗಳಲ್ಲಿ ಒಂದು. ಆ ಎಚ್ಚರದ ಪಾಠವನ್ನು ಈ ಕಟ್ಟಡ ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ.

1896ರ ಒಂದು ರಾತ್ರಿ

ಪ್ಯಾಲೆ ಗಾರ್ನಿಯೆ ಆರಂಭವಾದಾಗ ಅದು ಗ್ಯಾಸ್ ದೀಪಗಳ ರಂಗಮಂದಿರ. ಗ್ಯಾಸ್ ಎಂದರೆ ಬೆಂಕಿಯ ಭಯ. ಇದೇ ಸಂಸ್ಥೆಯ ಹಿಂದಿನ ರಂಗಮಂದಿರ 1873ರ ಅಕ್ಟೋಬರ್‌ನಲ್ಲಿ ಸುಟ್ಟು ಬೂದಿಯಾಗಿತ್ತು. ಹಾಗಾಗಿ ವಿದ್ಯುದ್ದೀಪ ಬಂದಾಗ ರಂಗಭೂಮಿಯ ಜನ ನಿಟ್ಟುಸಿರು ಬಿಟ್ಟರು. 1881ರಲ್ಲಿ ಲಂಡನ್ನಿನ ಸವಾಯ್ ಥಿಯೇಟರ್ ಪೂರ್ತಿ ವಿದ್ಯುತ್ ಬೆಳಕಿಗೆ ಬದಲಾಯಿತು. ಪ್ಯಾರಿಸ್ಸಿನ ಈ ರಂಗಮಂದಿರದಲ್ಲೂ ಅದೇ ವರ್ಷ ವಿದ್ಯುತ್ ಬೆಳಕಿನ ಪ್ರಯೋಗ ನಡೆಯಿತು. ಮುಂದೆ ಗ್ಯಾಸಿನ ಜಾಗಕ್ಕೆ ವಿದ್ಯುತ್ ತಂತಿಗಳು ಬಂದವು. ತೂಗುದೀಪಕ್ಕೂ ಬಂದವು.

ಇಷ್ಟು ಭಾರದ ದೀಪವನ್ನು ಎತ್ತಿ ಇಳಿಸಲು ಅನುಕೂಲವಾಗಲೆಂದು ಛಾವಣಿಯ ಮೇಲೆ ಎದುರುತೂಕಗಳನ್ನು ಕಟ್ಟಿದ್ದರು. ಏತದ ಒಂದು ತುದಿಯಲ್ಲಿ ಬಾನಿ, ಇನ್ನೊಂದು ತುದಿಯಲ್ಲಿ ಕಲ್ಲು ಇದ್ದ ಹಾಗೆ. ಉಕ್ಕಿನ ಹಗ್ಗ ರಾಟೆಯ ಮೇಲೆ ಹಾದು, ಈಚೆ ದೀಪವನ್ನೂ ಆಚೆ ಕಬ್ಬಿಣದ ತೂಕವನ್ನೂ ಹಿಡಿದಿತ್ತು.

1896ರ ಮೇ 20ರ ರಾತ್ರಿ ‘ಎಲ್ಲೆ’ ಎಂಬ ಒಪೆರಾದ ಪ್ರದರ್ಶನ ನಡೆಯುತ್ತಿತ್ತು. ಇದ್ದಕ್ಕಿದ್ದಂತೆ ಭಾರೀ ಸದ್ದು. ಎದುರುತೂಕವೊಂದರ ಹಗ್ಗ ಕಡಿದು, ನೂರಾರು ಕಿಲೋ ಭಾರದ ಕಬ್ಬಿಣ ಛಾವಣಿಯನ್ನು ಸೀಳಿಕೊಂಡು ಮೇಲಂತಸ್ತಿನ ಅಗ್ಗದ ಆಸನಗಳ ಮೇಲೆ ಬಿತ್ತು. ಅಲ್ಲಿ ಕುಳಿತಿದ್ದ ಒಬ್ಬ ಮಹಿಳೆ ಸತ್ತರು. ಆಕೆ ಪ್ಯಾರಿಸ್ಸಿನ ಕಟ್ಟಡವೊಂದರ ಕಾವಲು ನೋಡಿಕೊಳ್ಳುತ್ತಿದ್ದವರು.

ಹಗ್ಗ ಯಾಕೆ ಕಡಿಯಿತು? ಆ ಬಗ್ಗೆ ಹೇಳಲಾಗುವ ಕಾರಣ ಇದು: ಹಗ್ಗದ ಪಕ್ಕದಲ್ಲೇ ವಿದ್ಯುತ್ ತಂತಿ ಹಾದುಹೋಗಿತ್ತು. ಅದರಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ, ಆ ಕಾವಿಗೆ ಉಕ್ಕಿನ ಎಳೆಗಳು ಕರಗಿದವು. ಭಾರ ಹೊರುವ ಹಗ್ಗವೂ ಬೆಳಕು ತರುವ ತಂತಿಯೂ ಒಂದೇ ದಾರಿಯಲ್ಲಿ ಸಾಗಿದ್ದೇ ಮುಳುವಾಯಿತು.

ಪತ್ರಕರ್ತ ಗಾಸ್ತೋ ಲೆರು ತನ್ನ ಪ್ರಸಿದ್ಧ ಕಾದಂಬರಿ ‘ಫ್ಯಾಂಟಮ್ ಆಫ್ ದಿ ಒಪೆರಾ’ವನ್ನು 1909ರಲ್ಲಿ ಧಾರಾವಾಹಿಯಾಗಿ ಬರೆಯತೊಡಗಿದಾಗ ಈ ಅಪಘಾತ ಅವನ ಮನಸ್ಸಿನಲ್ಲಿತ್ತು. ಕಾದಂಬರಿಯಲ್ಲಿ ಇಡೀ ತೂಗುದೀಪವೇ ಬೀಳುತ್ತದೆ, ಬೀಳಿಸುವುದು ಭೂತ. ಎಷ್ಟೋ ಜನ ಅದನ್ನೇ ಇತಿಹಾಸವೆಂದು ನಂಬಿದ್ದಾರೆ. ನಿಜವಾಗಿ ದೀಪ ಬೀಳಲಿಲ್ಲ. ಬಿದ್ದದ್ದು ಎದುರುತೂಕ.

ಎರಡು ದಾರಿ, ಎರಡು ಕೆಲಸ

ನಮ್ಮ ಮನೆಗಳಲ್ಲಿ ವೈರಿನ ತುದಿಗೇ ಹೋಲ್ಡರ್ ಸಿಕ್ಕಿಸಿ ಬಲ್ಬು ಜೋತುಬಿಡುವುದುಂಟು. ಬಲ್ಬಿನ ತೂಕ ಕೆಲವೇ ಗ್ರಾಂ. ತೊಂದರೆಯಿಲ್ಲ. ಆದರೆ ನಾಟಕದ ದೀಪ ಹತ್ತು ಕಿಲೋ, ನಲವತ್ತು ಕಿಲೋ ಇರುತ್ತದೆ. ಅಲ್ಲಿ ಮೊದಲ ನಿಯಮವೇ ಇದು: ಭಾರ ಹೊರುವುದು ಉಕ್ಕು, ವಿದ್ಯುತ್ ತರುವುದು ತಾಮ್ರ. ಒಂದರ ಕೆಲಸ ಇನ್ನೊಂದಕ್ಕೆ ಹೇಳಬಾರದು.

ತಾಮ್ರ ಮೆದು ಲೋಹ. ಎಳೆದರೆ ಹಿಗ್ಗುತ್ತದೆ. ಹೊರಗಿನ ರಬ್ಬರ್ ಹೊದಿಕೆ ನೆಟ್ಟಗೇ ಕಾಣುತ್ತಿದ್ದರೂ ಒಳಗೆ ಒಂದೊಂದೇ ಎಳೆ ಕಡಿದಿರಬಹುದು. ಉಳಿದ ಎಳೆಗಳಲ್ಲೇ ಪೂರ್ತಿ ವಿದ್ಯುತ್ ಹರಿಯಬೇಕಾದಾಗ ಆ ಜಾಗ ಕಾಯುತ್ತದೆ. ಒಂದೇ ತಂತಿಯಲ್ಲಿ ವಿದ್ಯುತ್ ಪ್ರವಾಹ ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟಾಗುತ್ತದೆ ಎಂಬ ಜೂಲ್‌ನ ನಿಯಮ ಪರೀಕ್ಷೆಯ ಎರಡು ಅಂಕದ ಪ್ರಶ್ನೆ ಮಾತ್ರವಲ್ಲ! ಉಕ್ಕಿಗೋ ಕಾವೇ ಶತ್ರು. ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಅದು ತನ್ನ ಅರ್ಧದಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಾಗಾಗಿ ಇವೆರಡೂ ಅಕ್ಕಪಕ್ಕ ಉಜ್ಜಿಕೊಳ್ಳದಂತೆ ದಾರಿ ಬೇರ್ಪಡಿಸುವುದು ಕಡ್ಡಾಯ.

ವೇದಿಕೆಯ ಮೇಲೆ ದೀಪವೊಂದು ಆಕಾಶದಿಂದ ಇಳಿದು ಬರಬೇಕು, ಉರಿಯುತ್ತಲೇ ಇರಬೇಕು ಎಂದು ನಿರ್ದೇಶಕರು ಕೇಳುತ್ತಾರೆ ಎನ್ನೋಣ. ತಂತ್ರಜ್ಞರು ಮೊದಲು ದೀಪವನ್ನು ತಕ್ಕಡಿಗೆ ಹಾಕುತ್ತಾರೆ. ಅಂದಾಜಿಗೆ ಇಲ್ಲಿ ಬೆಲೆಯಿಲ್ಲ. ಜನರ ತಲೆಯ ಮೇಲಿನ ಭಾರಕ್ಕೆ ಹತ್ತು ಪಟ್ಟು ತಾಳಿಕೆಯ ಹಗ್ಗ ಆರಿಸುವುದು ಸಾಮಾನ್ಯ ರೂಢಿ. ನಲವತ್ತು ಕಿಲೋ ದೀಪಕ್ಕೆ ನಾನೂರು ಕಿಲೋ ತಾಳುವ ಹಗ್ಗ. ಒಂದೇ ಹಗ್ಗಕ್ಕೆ ಕಟ್ಟಿದರೆ ದೀಪ ಬುಗುರಿಯಂತೆ ತಿರುಗಿ ವಿದ್ಯುತ್ ಕೇಬಲ್ಲನ್ನು ಸುತ್ತಿಕೊಳ್ಳುತ್ತದೆ. ಆದ್ದರಿಂದ ಎರಡು ಹಗ್ಗ. ಒಂದು ಕೈಕೊಟ್ಟರೂ ಇನ್ನೊಂದೇ ಪೂರ್ತಿ ಭಾರ ಹೊರುವಂತಿರಬೇಕು.

ಎರಡು ಹಗ್ಗವಿದ್ದರೆ ಭಾರ ಅರ್ಧರ್ಧ ಹಂಚಿಹೋಗುತ್ತದಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಎರಡೂ ನೆಟ್ಟಗೆ ನಿಂತಿದ್ದರೆ ಮಾತ್ರ ಹಾಗೆ. ಹಗ್ಗಗಳನ್ನು ಅಗಲಿಸಿ ಕಟ್ಟಿ, ಅವುಗಳ ನಡುವಿನ ಕೋನ 120 ಡಿಗ್ರಿಯಾದರೆ ಒಂದೊಂದು ಹಗ್ಗದ ಮೇಲೂ ದೀಪದ ಪೂರ್ತಿ ಭಾರ ಬೀಳುತ್ತದೆ. ಕೋನ ಇನ್ನೂ ಹಿಗ್ಗಿದರೆ ಪೂರ್ತಿಗಿಂತಲೂ ಹೆಚ್ಚು. ಬಲಗಳ ಸಮಾಂತರ ಚತುರ್ಭುಜವನ್ನು ನೋಟ್ ಪುಸ್ತಕದಲ್ಲಿ ಬರೆದು ನೋಡಿದರೆ ಐದೇ ನಿಮಿಷದಲ್ಲಿ ಇದು ತಿಳಿಯುತ್ತದೆ.

ಇನ್ನು ವಿದ್ಯುತ್. 1000 ವ್ಯಾಟಿನ ಒಂದು ಹಳೇ ಮಾದರಿಯ ದೀಪ 230 ವೋಲ್ಟ್‌ನಲ್ಲಿ ನಾಲ್ಕು ಆಂಪಿಯರ್‌ಗಿಂತ ತುಸು ಹೆಚ್ಚು ಎಳೆಯುತ್ತದೆ. ಅಂಥವು ಹತ್ತಿದ್ದರೆ ನಲವತ್ತಮೂರು ಆಂಪಿಯರ್. ಅದಕ್ಕೆ ತಕ್ಕ ದಪ್ಪದ ಕೇಬಲ್ ಬೇಕು. ಈಚೆಗೆ ಎಲ್‌ಇಡಿ ಬಂದು ಈ ಹೊರೆ ಬಹಳ ಇಳಿದಿದೆ. ಕೇಬಲ್ ಉದ್ದವೂ ಮುಖ್ಯ. ದೀಪ ಪೂರ್ತಿ ಕೆಳಗಿಳಿದಾಗಲೂ ಕೇಬಲ್ ಬಿಗಿಯಾಗಬಾರದು. ಪೂರ್ತಿ ಮೇಲೇರಿದಾಗ ಉಳಿದ ಕೇಬಲ್ ಪಕ್ಕದ ಪರದೆಗೆ, ಪೈಪಿಗೆ ಸಿಕ್ಕಿಕೊಳ್ಳಬಾರದು. ಅದಕ್ಕಾಗಿ ಬುಟ್ಟಿಯೊಂದನ್ನು ಕಟ್ಟಿ ಕೇಬಲ್ ಅದರೊಳಗೆ ಸಡಿಲವಾಗಿ ಮಡಿಚಿ ಬೀಳುವಂತೆ ಮಾಡುತ್ತಾರೆ. ಬಿಗಿಯಾಗಿ ಸುರುಳಿ ಸುತ್ತಿದರೆ ಕಾವು ಹೊರಹೋಗದೆ ಕೇಬಲ್ ಸುಡುತ್ತದೆ.

ಇಷ್ಟಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ದೀಪದ ಚೌಕಟ್ಟಿಗೂ ಮೇಲಿನ ಪೈಪಿಗೂ ಪ್ರತ್ಯೇಕವಾಗಿ ಒಂದು ಗಿಡ್ಡ ಉಕ್ಕಿನ ತಂತಿ ಸಿಕ್ಕಿಸುವುದು. ಅದು ಗಿಡ್ಡವಾಗಿಯೇ ಇರಬೇಕು. ಉದ್ದವಾದಷ್ಟೂ ದೀಪ ಹೆಚ್ಚು ದೂರ ಬಿದ್ದು, ತಡೆಯುವಾಗಿನ ಎಳೆತದ ಪೆಟ್ಟು ಹೆಚ್ಚುತ್ತದೆ. ದೀಪದ ಒಂದೊಂದು ಬಿಡಿಭಾಗಕ್ಕೂ ಇಂಥದೇ ಕಾವಲು. ಅನಂತರ ಕೆಳಗೆ ಯಾರನ್ನೂ ಬಿಡದೆ, ದೀಪಕ್ಕಿಂತ ಹೆಚ್ಚು ಭಾರ ಕಟ್ಟಿ, ಹಲವು ಬಾರಿ ಎತ್ತಿ ಇಳಿಸಿ ನೋಡುತ್ತಾರೆ. ಆಮೇಲೆಯೇ ನಟರಿಗೆ ವೇದಿಕೆ.

‘ಹಗ್ಗ’ ಎನ್ನಬಾರದ ಜಾಗ

ಪ್ಯಾಲೆ ಗಾರ್ನಿಯೆಯ ವೇದಿಕೆಯ ಭಾಗವನ್ನು ತಳದಿಂದ ತುದಿಯವರೆಗೆ ಅಳೆದರೆ ಸುಮಾರು 60 ಮೀಟರ್. ಅದರಲ್ಲಿ 15 ಮೀಟರ್ ವೇದಿಕೆಯ ಕೆಳಗೇ ಇದೆ. ಮೇಲಿನ ಭಾಗ ಪರದೆ, ದೀಪ, ದೃಶ್ಯಗಳನ್ನು ಎತ್ತಿಡುವ ಅಟ್ಟ. ಪ್ರೇಕ್ಷಕರ ಕಣ್ಣಿಗೆ ಬೀಳದ ಇನ್ನೊಂದು ಲೋಕ.

ಫ್ರೆಂಚ್ ರಂಗಮಂದಿರಗಳಲ್ಲಿ ‘ಹಗ್ಗ’ ಎಂಬ ಶಬ್ದವನ್ನು ಆಡುವಂತಿಲ್ಲ! ಅಪಶಕುನ. ಬಾಯಿತಪ್ಪಿ ಆಡಿದವರು ಜೊತೆಗಾರರಿಗೆಲ್ಲ ಕುಡಿಯಲು ಕೊಡಿಸಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾವಿಗೆ ‘ಹುಳ’ ಎನ್ನುವ ಹಾಗೆ ಅಲ್ಲಿ ಹಗ್ಗಕ್ಕೆ ಬೇರೆ ಬೇರೆ ಹೆಸರುಗಳಿವೆ. ಹಿಂದೆ ಅಟ್ಟದ ಕೆಲಸಕ್ಕೆ ಹಡಗಿನ ನಾವಿಕರು ಬರುತ್ತಿದ್ದರು, ಗಂಟು ರಾಟೆಗಳ ವಿದ್ಯೆಯ ಜೊತೆಗೆ ಈ ನಂಬಿಕೆಯನ್ನೂ ತಂದರು ಎಂಬ ಮಾತಿದೆ. ವೇದಿಕೆಯಲ್ಲಿ ಸಿಳ್ಳೆ ಹಾಕಬಾರದೆಂಬ ನಿಷೇಧಕ್ಕೂ ಅದೇ ಮೂಲ ಹೇಳುತ್ತಾರೆ. ಸಿಳ್ಳೆಯೇ ಅವರಿಗೆ ‘ಇಳಿಸು’, ‘ಎತ್ತು’ ಎಂಬ ಸೂಚನೆ. ತಮಾಷೆಗೆ ಹಾಕಿದ ಸಿಳ್ಳೆಗೆ ಭಾರವೊಂದು ತಲೆಯ ಮೇಲೆ ಇಳಿದೀತು! ಎಷ್ಟೋ ಮೂಢನಂಬಿಕೆಗಳ ಒಳಗೆ ಒಂದು ಸುರಕ್ಷತೆಯ ಪಾಠ ಅಡಗಿರುತ್ತದೆ.

ಪ್ಯಾರಿಸ್ಸಿನ ತೂಗುದೀಪವನ್ನು ಮೊದಲು ಶುಚಿಗೊಳಿಸುವಾಗ ಛಾವಣಿಯ ಮೇಲಿನ ಗುಮ್ಮಟದೊಳಕ್ಕೆ ಎಳೆದುಕೊಳ್ಳುತ್ತಿದ್ದರು. 1980ರ ದಶಕದಲ್ಲಿ ಆ ಜಾಗ ನೃತ್ಯಾಭ್ಯಾಸದ ಕೊಠಡಿಗಳಾಯಿತು. ಈಗ ದೀಪವನ್ನು ಕೆಳಕ್ಕೆ, ಪ್ರೇಕ್ಷಾಂಗಣಕ್ಕೇ ಇಳಿಸುತ್ತಾರೆ.

ಬೀಳಲೆಂದೇ ಕಟ್ಟಿದ ದೀಪ

ಲೆರುವಿನ ಕಥೆ ಸಂಗೀತ ನಾಟಕವಾಗಿ 1986ರ ಅಕ್ಟೋಬರ್ 9ರಂದು ಲಂಡನ್ನಿನಲ್ಲಿ ರಂಗಕ್ಕೇರಿತು. ಮರಿಯಾ ಬ್ಯೋರ್ನ್‌ಸನ್ ವಿನ್ಯಾಸ ಮಾಡಿದ ತೂಗುದೀಪವೇ ಅದರ ದೊಡ್ಡ ಆಕರ್ಷಣೆ. ಆರಂಭದಲ್ಲಿ ಬೆಳಗುತ್ತ ಮೇಲೇರುವ ದೀಪ, ಮಧ್ಯಂತರಕ್ಕೆ ಮುನ್ನ ಪ್ರೇಕ್ಷಕರ ತಲೆಯ ಮೇಲಿಂದ ಹಾದು ವೇದಿಕೆಗೆ ಧುಮುಕುತ್ತದೆ. ನ್ಯೂಯಾರ್ಕಿನಲ್ಲಿ ಇದೇ ನಾಟಕ 1988ರಿಂದ 2023ರವರೆಗೆ 13,981 ಪ್ರದರ್ಶನ ಕಂಡಿತು. ಪ್ರತಿ ಪ್ರದರ್ಶನದಲ್ಲೂ ಪ್ರೇಕ್ಷಕರು ಕಾಯುತ್ತಿದ್ದ ಗಳಿಗೆ ಅದೇ.

ಬೀಳುತ್ತಿದೆ ಎಂದು ಕಿರುಚಿದವರಿಗೆ ಗೊತ್ತಿದ್ದ ಗುಟ್ಟು ಒಂದೇ: ಅದು ಬೀಳುವುದಿಲ್ಲ, ಇಳಿಸಲಾಗುತ್ತದೆ. ವೇಗ, ದಾರಿ, ನಿಲ್ಲುವ ಜಾಗ ಎಲ್ಲವೂ ಮೋಟಾರು ಮತ್ತು ಹಗ್ಗಗಳ ಲೆಕ್ಕದೊಳಗೆ. ಪ್ರೇಕ್ಷಕರು ನಿರ್ಭಯರಾಗಿ ಭಯಪಡಬೇಕಾದರೆ ತೆರೆಯ ಹಿಂದೆ ಯಾರೋ ಅವರ ಪರವಾಗಿ ನಿಜವಾಗಿ ಭಯಪಟ್ಟಿರಬೇಕು.

ಈ ಕೆಲಸ ಮಾಡುವವರ ಹೆಸರು ಭಿತ್ತಿಪತ್ರದಲ್ಲಿ ದೊಡ್ಡದಾಗಿ ಬರುವುದಿಲ್ಲ. ಆದರೆ ಇದೂ ಓದಿ ಕಲಿಯುವ ವಿದ್ಯೆಯೇ. ಫ್ರಾನ್ಸಿನಲ್ಲಿ ರಂಗತಂತ್ರ ಕಲಿಸಲೆಂದೇ ಇರುವ ರಾಷ್ಟ್ರೀಯ ಶಾಲೆಯೊಂದು 1997ರಲ್ಲಿ ಪ್ಯಾರಿಸ್ಸಿನಿಂದ ಲಿಯೋಂ ನಗರಕ್ಕೆ ಸ್ಥಳಾಂತರವಾಯಿತು. ಅಲ್ಲಿ ನಟನೆಯ ಜೊತೆಗೇ ಬೆಳಕು, ಧ್ವನಿ, ರಂಗಸಜ್ಜಿಕೆಗಳನ್ನೂ ಕಲಿಸುತ್ತಾರೆ. ಗಣಿತ ಮತ್ತು ಭೌತಶಾಸ್ತ್ರವನ್ನು ಪ್ರೀತಿಸುವ, ಜೊತೆಗೆ ನಾಟಕದ ಹುಚ್ಚೂ ಇರುವ ಮಕ್ಕಳನ್ನು ಕಂಡಾಗ ‘ಎರಡರಲ್ಲಿ ಒಂದನ್ನು ಬಿಡು’ ಎನ್ನುವ ಮುನ್ನ ತಂದೆತಾಯಿಗಳು ಇಂಥ ವೃತ್ತಿಯೂ ಇದೆ ಎಂಬುದನ್ನು ನೆನೆಯುವುದು ಒಳ್ಳೆಯದು.

ಪ್ಯಾಲೆ ಗಾರ್ನಿಯೆಯ ಮೇಲಂತಸ್ತಿನಲ್ಲಿ ಇಂದಿಗೂ ಕಡಿಮೆ ದರದ ಆಸನಗಳಿವೆ. ವಿದ್ಯಾರ್ಥಿಗಳು, ದೂರದೂರಿಂದ ಬಂದವರು, ಮೊದಲ ಬಾರಿ ಒಪೆರಾ ನೋಡುವವರು ಅಲ್ಲಿ ಕೂರುತ್ತಾರೆ. ಛಾವಣಿಗೆ ಎಲ್ಲರಿಗಿಂತ ಹತ್ತಿರ ಇರುವವರೂ ಅವರೇ. ದೀಪ ಮಂಕಾಗಿ ವಾದ್ಯಗಳು ಮೊಳಗತೊಡಗಿದಾಗ ತಲೆಯ ಮೇಲಿನ ಏಳು ಟನ್ ಯಾರಿಗೂ ನೆನಪಿಗೆ ಬರುವುದಿಲ್ಲ. ಅದನ್ನು ಕಟ್ಟಿ ಕಾಯುವವರಿಗೆ ಸಿಗುವ ಮೆಚ್ಚುಗೆ ಅಷ್ಟೇ, ಅಷ್ಟು ಸಾಕು ಕೂಡ.